ಅವರ ಮುದ್ರೆ, ನಮ್ಮ ರುಜು

ವಿಮಾನದ ಕೆಲಸ ಎಂದೊಡನೆ ನಮ್ಮ ಸಂಘದ ಮಿತ್ರರು ನನ್ನನ್ನು ಪೈಲಟ್ ಎಂದೇ ತಿಳಿಯುತ್ತಾರೆ. ನಾನು ಹಾರಿಸುವವನಲ್ಲ, ಹಾರಬಹುದೆಂದು ರುಜು ಹಾಕುವವನು.

ಇಲ್ಲಿ ಕೆನಡಾದಲ್ಲಿ ಸಣ್ಣ ವಿಮಾನ ಬೇಕಾದವರು ಅನೇಕರು ಅಮೆರಿಕದಲ್ಲಿ ಹಳೆಯದೊಂದನ್ನು ಕೊಂಡು ತರುತ್ತಾರೆ. ನಲವತ್ತು ಐವತ್ತು ವರ್ಷದ ಸೆಸ್ನಾ ಎಂದರೆ ನಮ್ಮೂರಿನ ಹಳೆಯ ಮನೆಯಂತೆ. ಒಬ್ಬೊಬ್ಬ ಯಜಮಾನನೂ ಒಂದೊಂದು ಕಿಟಕಿ ಒಡೆಸಿರುತ್ತಾನೆ! ಒಬ್ಬ ದೊಡ್ಡ ಎಂಜಿನ್ ಕೂರಿಸಿದರೆ, ಇನ್ನೊಬ್ಬ ರೆಕ್ಕೆಯ ಆಕಾರವನ್ನೇ ತಿದ್ದಿರುತ್ತಾನೆ.

ಇಂಥ ಮಾರ್ಪಾಡುಗಳಿಗೆ ಅಮೆರಿಕದ ಎಫ್.ಎ.ಎ. ಸಂಸ್ಥೆ 'ಸಪ್ಲಿಮೆಂಟಲ್ ಟೈಪ್ ಸರ್ಟಿಫಿಕೇಟ್' ಎಂಬ ಒಪ್ಪಿಗೆ ಪತ್ರ ಕೊಡುತ್ತದೆ. ಜೋಡಿಸಿದ ವಿವರ 337 ಎಂಬ ಫಾರಂನಲ್ಲಿ ದಾಖಲಾಗುತ್ತದೆ. ವಿಮಾನ ಗಡಿ ದಾಟಿದಾಗ ಇವನ್ನೆಲ್ಲ ಮೊದಲಿನಿಂದ ಪರೀಕ್ಷಿಸಬೇಕೆ? ಬೇಕಿಲ್ಲ. ಒಂದು ದೇಶದ ಪತ್ರವನ್ನು ಇನ್ನೊಂದು ದೇಶ ಮನ್ನಿಸುವ ಮಾತು 1944ರ ಷಿಕಾಗೋ ಒಪ್ಪಂದದಲ್ಲೇ ಇದೆ. 2000ದಲ್ಲಿ ಕೆನಡಾ ಮತ್ತು ಅಮೆರಿಕ ಮಾಡಿಕೊಂಡ ಒಪ್ಪಂದದಿಂದಾಗಿ ಅಲ್ಲಿಯ ವಿನ್ಯಾಸದ ಒಪ್ಪಿಗೆಗೆ ಇಲ್ಲಿ ಬಹುಮಟ್ಟಿಗೆ ಬೆಲೆಯಿದೆ.

ಆದರೆ ಒಪ್ಪಿದ್ದು ವಿನ್ಯಾಸವನ್ನು. ಎದುರಿಗೆ ನಿಂತಿರುವ ಈ ವಿಮಾನವನ್ನಲ್ಲ. ಒಮ್ಮೆ ನಮ್ಮ ಹ್ಯಾಂಗರಿಗೆ ಬಂದ ವಿಮಾನದ ರೆಕ್ಕೆಯ ಮುಂದಿನ ಅಂಚಿಗೆ ಹೊಸ ತಗಡು ಹೊದಿಸಿತ್ತು. ಅದರ ಹಿಂದೆಯೇ 'ವಾರ್ಟೆಕ್ಸ್ ಜನರೇಟರ್' ಎಂಬ ಪುಟ್ಟ ರೆಕ್ಕೆಗಳ ಸಾಲು. ಎರಡೂ ನಿಧಾನ ವೇಗದಲ್ಲಿ ಹಾರಲು ನೆರವಾಗುವಂಥವು, ಎರಡಕ್ಕೂ ಪತ್ರವಿತ್ತು. ಎರಡೂ ಒಟ್ಟಿಗಿದ್ದರೆ ಏನಾಗುತ್ತದೆಂಬುದಕ್ಕೆ ಮಾತ್ರ ಯಾವ ಕಾಗದವೂ ಇರಲಿಲ್ಲ. ಬೇರೆ ಮಾರ್ಪಾಡುಗಳೊಂದಿಗೆ ಇದು ಹೊಂದುತ್ತದೆಯೇ ಎಂದು ಜೋಡಿಸುವವನೇ ನಿಶ್ಚಯಿಸಿಕೊಳ್ಳಬೇಕೆಂದು ಆ ಪತ್ರದಲ್ಲೇ ಬರೆದಿರುತ್ತದೆ. "ಅಮೆರಿಕ ಒಪ್ಪಿದ್ದನ್ನು ಬೇಡವೆನ್ನಲು ನೀನಾರು?" ಎಂದು ಮಾಲೀಕ ಸಿಡುಕಿದ. ನಾನು ರುಜು ಹಾಕಲಿಲ್ಲ. ಆತ ಮತ್ತೆ ನಮ್ಮಲ್ಲಿಗೆ ಬರಲೂ ಇಲ್ಲ.

ದೊಡ್ಡ ವಿಮಾನಗಳ ಕಥೆಯೂ ಇದೇ. ಅಮೆರಿಕದ ಒಪ್ಪಿಗೆಯನ್ನು ನಂಬಿ ಹಲವು ದೇಶಗಳು ಹಾರಿಸಿದ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳು 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನಲ್ಲಿ ಬಿದ್ದು 346 ಜನ ತೀರಿಕೊಂಡರು. ಆಮೇಲೆ ಅಮೆರಿಕ ಒಪ್ಪಿದ ತಿದ್ದುಪಡಿಯನ್ನು ಕೆನಡಾ ತಾನೇ ಪರೀಕ್ಷಿಸಿ, ತನ್ನದೇ ಷರತ್ತುಗಳನ್ನು ಸೇರಿಸಿ, 2021ರ ಜನವರಿಯಲ್ಲಿ ಹಾರಲು ಬಿಟ್ಟಿತು. ಸ್ನೇಹ ಕೆಡಲಿಲ್ಲ.

ನನ್ನ ಬೆಂಗಳೂರಿನ ಲೈಸೆನ್ಸಿಗೆ ಇಲ್ಲಿ ಇಂಥ ಮನ್ನಣೆ ಸಿಗಲಿಲ್ಲ. ಪರೀಕ್ಷೆಗಳನ್ನು ಮತ್ತೆ ಬರೆದೆ. ಸೆಸ್ನಾಕ್ಕೆ ಸಿಕ್ಕ ಮರ್ಯಾದೆ ಮನುಷ್ಯನಿಗಿಲ್ಲವಲ್ಲ ಎಂದು ಬಹಳ ದಿನ ಕೊರಗಿದ್ದುಂಟು. ಆ ಕೊರಗು ಪೂರ್ತಿ ಹೋಗಿದೆಯೆಂದು ಹೇಳಲಾರೆ. ಆದರೆ ಬೇರೆಯವರ ಮುದ್ರೆಯನ್ನು ಗೌರವಿಸುವುದು ಬೇರೆ, ಅದರ ಹಿಂದೆ ಅಡಗಿಕೊಳ್ಳುವುದು ಬೇರೆ ಎಂಬುದನ್ನು ಈ ಕೆಲಸವೇ ಕಲಿಸಿತು.

ನಮ್ಮ ಬಳಗದಲ್ಲಿ ಡಾಕ್ಟರುಗಳಿಗೇನೂ ಕಡಿಮೆಯಿಲ್ಲ. ಯಾರಾದರೂ ವಿಮಾನ ಕೊಳ್ಳುವ ಮನಸ್ಸು ಮಾಡಿದರೆ ಬಣ್ಣ ನೋಡುವ ಮೊದಲು ಕಾಗದಗಳನ್ನು ತರಿಸಿಕೊಳ್ಳಿ. ಓದಿಕೊಡಲು ನಾನಿದ್ದೇನೆ, ಕಾಫಿ ನಿಮ್ಮದು.