ಎರಡು ಬಟ್ಟಲು, ಎರಡು ಗೂಡು

ಮನೆಗೆ ಹೊಸಬರನ್ನು ತುಂಬಿಸಿಕೊಳ್ಳುವುದೆಂದರೆ ನಮ್ಮಲ್ಲಿ ಒಂದು ದಿನದ ಕೆಲಸ. ಸೊಸೆ ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಉರುಳಿಸಿ ಒಳಗೆ ಬರುತ್ತಾಳೆ. ಮರುದಿನ ಬೆಳಗಾಗುವುದರೊಳಗೆ ಸಕ್ಕರೆ ಡಬ್ಬಿ ಯಾವ ಮಾಡದಲ್ಲಿದೆ, ಮಾವನವರ ಚಹಕ್ಕೆ ಎಷ್ಟು ಸಕ್ಕರೆ, ಯಾವ ನಾದಿನಿಗೆ ಯಾವ ಮಾತು ಹಿಡಿಸುವುದಿಲ್ಲ ಎಂಬುದೆಲ್ಲ ಅವಳಿಗೆ ಗೊತ್ತಾಗಿರಬೇಕು. ಗೊತ್ತಾಗದಿದ್ದರೆ ತವರಿನವರ ಸಂಸ್ಕಾರದ ಮಾತು ಬರುತ್ತದೆ. ಇದಕ್ಕೆ ಬೇರೆ ದಾರಿಯೂ ಇದೆ ಎಂದು ನಾನು ನೋಡಿದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ಅದೂ ಇಂಗ್ಲೆಂಡಿನ ಒಂದು ಹಿತ್ತಲಿನಲ್ಲಿ, ಒಂದು ಅಂಗೈಯಗಲದ ಮಂಗನಿಂದ ಎಂದರೆ ನೀವು ನಗಬಹುದು. ನಗಿರಿ, ಆದರೆ ಪೂರ್ತಿ ಕೇಳಿ.

2022ರ ಸೆಪ್ಟೆಂಬರಿನಲ್ಲಿ ಮಗಳ ಬಾಣಂತನಕ್ಕೆಂದು ಲೆಸ್ಟರಿಗೆ ಹೋದೆ. ಸೂಟಕೇಸಿನಲ್ಲಿ ನನ್ನ ಸೀರೆಗಳಿಗಿಂತ ಒಣಕೊಬ್ಬರಿ, ಉತ್ತತ್ತಿ, ಅಂಟು, ಅಜಿವಾನಗಳೇ ಹೆಚ್ಚಾಗಿದ್ದವು. ಹೋದ ಮರುದಿನ ಬೆಳಗಿನ ಜಾವ ಅಡಿಗೆಮನೆಯಲ್ಲಿ ನಿಂತಾಗ ಬೇಲಿಯಾಚೆಯಿಂದ ಒಂದು ಉದ್ದನೆಯ ಸೀಟಿ ಕೇಳಿತು. ಹಕ್ಕಿಯಿರಬೇಕು ಎಂದುಕೊಂಡೆ. ಒಂದು ಸಲ ಕೂಗುವುದು, ಸುಮ್ಮನಾಗುವುದು, ಮತ್ತೆ ಅದೇ ಸೀಟಿ. ಯಾರೋ ಕರೆದು, ‘ಓ’ ಎನ್ನುತ್ತಾರೇನೋ ಎಂದು ಕಿವಿಗೊಟ್ಟು ಕಾಯುವ ಹಾಗೆ.

“ಹಕ್ಕಿ ಅಲ್ಲವ್ವಾ,” ಎಂದಳು ಮಗಳು. “ಬಾಜೂ ಮನಿ ಅಜ್ಜಿ ಸಾಕಿದ ಮಂಗ್ಯಾ. ಮಾರ್ಮೊಸೆಟ್ ಅಂತಾರ. ಅದರ ಜೋಡಿ ಹೋದ ಜೂನದಾಗ ಸತ್ತೈತಿ. ಅವತ್ತಿಂದ ಹಿಂಗ ಒದರತದ.”

ಆ ಅಜ್ಜಿಗೆ ಎಪ್ಪತ್ತೆಂಟು ವರ್ಷ. ಒಂಟಿ ಜೀವ. ನನ್ನ ಧಾರವಾಡದ ಇಂಗ್ಲಿಷಿಗೂ ಅವರ ಇಂಗ್ಲಿಷಿಗೂ ಹೊಂದಿಕೆಯಾಗಲು ಒಂದು ವಾರ ಬೇಕಾಯಿತು. ಆಮೇಲೆ ದಿನಾ ಹತ್ತು ನಿಮಿಷ ಬೇಲಿಯ ಬಳಿ ನಿಲ್ಲುವುದು ರೂಢಿಯಾಯಿತು. ಹಿತ್ತಲಲ್ಲಿ ಮರದ ಹಲಗೆಯ ಒಂದು ಕೋಣೆ, ಒಳಗೆ ಹೀಟರು, ಬಿಸಿಲಿನ ಬದಲಿಗೆ ಒಂದು ವಿಶೇಷ ದೀಪ, ಆಳೆತ್ತರದ ಜಾಳಿಗೆ. ಅದರೊಳಗೆ ಪಿಪ್. ಎರಡು ದೊಡ್ಡ ಪೇರಲ ಹಣ್ಣಿನಷ್ಟು ತೂಕ, ಮೈಗಿಂತ ಉದ್ದದ ಪಟ್ಟೆಪಟ್ಟೆ ಬಾಲ, ಕಿವಿಯ ಎರಡೂ ಪಕ್ಕಕ್ಕೆ ಅರಳಿದ ಹತ್ತಿಯಂಥ ಬಿಳಿ ಕೂದಲು. ಇವುಗಳ ತವರು ಬ್ರೆಜಿಲ್ ದೇಶದ ಈಶಾನ್ಯ ಭಾಗ. ಅಲ್ಲಿ ಮರದ ತೊಗಟೆಯನ್ನು ಕೆಳಹಲ್ಲಿನಿಂದ ಕೆತ್ತಿ, ಒಸರುವ ಅಂಟನ್ನು ನೆಕ್ಕುತ್ತವೆ. ಅದಕ್ಕಾಗಿ ಅಜ್ಜಿ ಪೇಟೆಯಿಂದ ಅಂಟಿನ ಪುಡಿ ತಂದು, ನೀರಿನಲ್ಲಿ ಕಲಸಿ, ತೂತು ಕೊರೆದ ಕಟ್ಟಿಗೆಗೆ ತುಂಬುತ್ತಿದ್ದರು. ಇತ್ತ ನಾನು ಮಗಳಿಗೆ ಅಂಟಿನ ಉಂಡೆ ಕಟ್ಟುತ್ತಿದ್ದೆ. ಬೇಲಿಯ ಎರಡೂ ಕಡೆ ಒಂದೇ ಪಥ್ಯ ನೋಡಿ!

ಪಥ್ಯವಷ್ಟೇ ಅಲ್ಲ, ಮಡಿಯೂ ಒಂದೇ. ಬಾಣಂತಿ ಕೋಣೆಗೆ ನೆಗಡಿಯಾದವರನ್ನು ನಾನು ಬಿಡುತ್ತಿರಲಿಲ್ಲ. ತುಟಿಯ ಮೇಲೆ ಗುಳ್ಳೆ ಎದ್ದವರನ್ನು ಅಜ್ಜಿ ಜಾಳಿಗೆಯ ಹತ್ತಿರ ಬಿಡುತ್ತಿರಲಿಲ್ಲ. ನಮಗೆ ನಾಲ್ಕು ದಿನದ ಉರಿ ಕೊಟ್ಟು ಹೋಗುವ ಆ ಸೋಂಕು ಮಾರ್ಮೊಸೆಟ್ಟುಗಳ ಪ್ರಾಣವನ್ನೇ ತೆಗೆದೀತು.

ಪಿಪ್ ಸರಿಯಾಗಿ ತಿನ್ನುತ್ತಿರಲಿಲ್ಲ. ಬಾಲದ ಕೂದಲನ್ನು ತಾನೇ ಕಿತ್ತುಕೊಂಡು ಒಂದು ಕಡೆ ಬೋಳು ಮಾಡಿಕೊಂಡಿತ್ತು. ಸಂಜೆಗೆ ಅಜ್ಜಿಯ ಉಣ್ಣೆಯಂಗಿಯ ಜೇಬಿನೊಳಗೆ ಇಳಿದು ಮಲಗುವುದೊಂದೇ ಅದಕ್ಕೆ ಸಮಾಧಾನ. ಈ ಜಾತಿಯಲ್ಲಿ ಒಂಟಿ ಬಾಳೇ ಇಲ್ಲ. ಕುಟುಂಬ ಕಟ್ಟಿಕೊಂಡೇ ಇರುತ್ತವೆ, ಹೆಚ್ಚಾಗಿ ಅವಳಿ ಹೆರುತ್ತವೆ, ಅಪ್ಪ, ಅಣ್ಣ, ಅಕ್ಕ ಎಲ್ಲರೂ ಮರಿಗಳನ್ನು ಬೆನ್ನ ಮೇಲೆ ಹೊರುತ್ತಾರೆ. (ಅಪ್ಪ ಹೊರುವ ಸಂಗತಿಯನ್ನು ನಾನು ಅಳಿಯನಿಗೆ ಕೇಳುವಂತೆ ಎರಡು ಸಲ ಹೇಳಿದೆ.) ನಾನು ಊರಿಗೆ ಮರಳಿದ ಮೇಲೆ, 2024ರಲ್ಲಿ, ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಸಂಶೋಧಕರು ಒಂದು ವಿಷಯ ಪ್ರಕಟಿಸಿದರು: ಈ ಮಂಗಗಳು ತಮ್ಮವರನ್ನು ಒಬ್ಬೊಬ್ಬರಿಗೂ ಬೇರೆಬೇರೆಯಾದ ಸೀಟಿಯಿಂದ ಕರೆಯುತ್ತವೆ, ಹೆಸರು ಹಿಡಿದು ಕರೆದ ಹಾಗೆ. ಗಂಡನ ಹೆಸರನ್ನು ಒಡಪಿನಲ್ಲಷ್ಟೇ ಹೇಳುವ ನಾಡಿನವಳು ನಾನು. ಅದನ್ನೋದಿದ ದಿನ ಆ ಬೆಳಗಿನ ಜಾವದ ಸೀಟಿ ನೆನಪಾಗಿ ಕೈ ಕೆಲಸ ನಿಂತಿತು.

ಅಕ್ಟೋಬರಿನಲ್ಲಿ ಡೇಜಿ ಬಂದಳು. ಅವಳನ್ನು ಸಾಕಿದ್ದ ಮುದುಕರು ವೃದ್ಧಾಶ್ರಮ ಸೇರಿದ್ದರು. ಪಶುವೈದ್ಯರೇ ಈ ನಂಟು ಕೂಡಿಸಿದ್ದು. ನಾನಂತೂ ಅಂದೇ ಎರಡನ್ನೂ ಒಂದು ಕಡೆ ಬಿಡುತ್ತಾರೆ, ಸೀಟಿ ನಿಲ್ಲುತ್ತದೆ ಎಂದುಕೊಂಡಿದ್ದೆ. ಅಜ್ಜಿ ತಲೆಯಲ್ಲಾಡಿಸಿದರು. ಒಂದು ತಿಂಗಳು ಡೇಜಿ ಮನೆಯೊಳಗಿನ ಬೇರೆ ಕೋಣೆಯಲ್ಲಿದ್ದಳು. ರಕ್ತ, ಮಲ ಎಲ್ಲದರ ಪರೀಕ್ಷೆಯಾಯಿತು. ಮರಿಗಳಾಗದಂತೆ ವೈದ್ಯರು ಮೊದಲೇ ವ್ಯವಸ್ಥೆ ಮಾಡಿದರು. ಆ ತಿಂಗಳಲ್ಲಿ ಅಜ್ಜಿ ಮಾಡುತ್ತಿದ್ದ ಒಂದೇ ಪರಿಚಯವೆಂದರೆ, ಇವನು ಕಚ್ಚಿದ ಕಟ್ಟಿಗೆಯನ್ನು ಅವಳ ಗೂಡಿಗೆ, ಅವಳು ಮೈಯುಜ್ಜಿದ ಕೊಂಬೆಯನ್ನು ಇವನ ಗೂಡಿಗೆ ಬದಲಾಯಿಸುವುದು. ಮೊದಲು ವಾಸನೆ, ಆಮೇಲೆ ಮುಖ.

ನವೆಂಬರಿನಲ್ಲಿ ಎರಡು ಗೂಡುಗಳನ್ನು ಅಕ್ಕಪಕ್ಕ ಇಟ್ಟರು. ನಡುವೆ ನಾಲ್ಕು ಬೆರಳು ಅಂತರ ಬಿಟ್ಟು ಎರಡು ಪದರ ಜಾಳಿಗೆ. ನೋಡಬಹುದು, ಕೂಗಬಹುದು, ಬೆರಳು ಕಚ್ಚುವಂತಿಲ್ಲ. ಪಿಪ್ ಮೈಯ ಕೂದಲನ್ನೆಲ್ಲ ನಿಗುರಿಸಿ ಬಾಟಲಿ ತೊಳೆಯುವ ಬ್ರಶ್ಶಿನಂತಾಯಿತು. ಆಮೇಲೆ ಬೆನ್ನು ತಿರುಗಿಸಿ ಬಾಲವೆತ್ತಿ ನಿಂತಿತು. ಅದು ನಾಚಿಕೆಯಲ್ಲ, ಬೆದರಿಕೆ ಎಂದರು ಅಜ್ಜಿ. “ಎಷ್ಟು ದಿನ ಹೀಗೆ?” ಎಂದೆ. “ಅವುಗಳಿಗೆ ಬೇಕಾದಷ್ಟು ದಿನ,” ಎಂದರು.

ಇವಳು ಹೆಣ್ಣು, ಅವನು ಗಂಡು, ಆದ್ದರಿಂದ ಆಸೆಯಿದೆ ಎಂದೂ ಹೇಳಿದರು. ಗೊತ್ತುಪರಿಚಯವಿಲ್ಲದ ದೊಡ್ಡ ಹೆಣ್ಣುಗಳೆರಡನ್ನು ಮಾತ್ರ ಯಾರೂ ಒಂದೇ ಗೂಡಿನಲ್ಲಿ ಬಿಡುವುದಿಲ್ಲವಂತೆ, ರಕ್ತ ಬರುವಂತೆ ಕಾದಾಡುತ್ತವಂತೆ. ನಾನು ನಗು ತಡೆಯಲಾರದೆ, “ನಮ್ಮಲ್ಲಿ ಹಾಗೆಯೇ ಬಿಡುತ್ತೇವೆ, ಅರಿಷಿಣ ಕುಂಕುಮ ಹಚ್ಚಿ,” ಎಂದೆ. ಅಜ್ಜಿಗೆ ಅರ್ಥವಾಗಲಿಲ್ಲ. ನಿಮಗಾಯಿತಲ್ಲ, ಸಾಕು.

ಮೂರು ವಾರ ಕಳೆದ ಮೇಲೆ, ಇಬ್ಬರಿಗೂ ಹೊಸದಾದ ಇನ್ನೊಂದು ದೊಡ್ಡ ಗೂಡಿನಲ್ಲಿ ಅವನ್ನು ಸೇರಿಸಿದರು. ಯಾರ ಮನೆಗೆ ಯಾರೂ ಬಂದಂತಾಗಬಾರದು ಎಂಬ ಕಾರಣಕ್ಕೆ ಹೊಸ ಗೂಡು. ಅದರಲ್ಲಿ ಎಲ್ಲವೂ ಎರಡು. ದೂರದೂರ ಎರಡು ಬಟ್ಟಲು, ಮಲಗಲು ಎರಡು ಪೆಟ್ಟಿಗೆ. ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೀಳದೆ ಕೂರಲು ಎಲೆಯ ಕೊಂಬೆಗಳು. ಓಡಿದವರು ಸಿಕ್ಕಿಬೀಳುವಂಥ ಮೂಲೆ ಎಲ್ಲಿಯೂ ಇಲ್ಲ. ಮೊದಲ ದಿನವೇ ಪಿಪ್ ಅವಳ ಬಟ್ಟಲಿಗೆ ಕೈಹಾಕಿತು, ಅವಳು ಅಟ್ಟಿಸಿಕೊಂಡು ಹೋದಳು, ಕಿರಿಚಾಟವೋ ಕಿರಿಚಾಟ. ಅಜ್ಜಿ ನಡುವಿನ ಹಲಗೆಯನ್ನು ಸರಿಸಿ ಬೇರೆ ಮಾಡಿದರು. ಮರುದಿನ ಅರ್ಧ ಗಂಟೆ, ಅದರ ಮರುದಿನ ಒಂದು ಗಂಟೆ. ಡಿಸೆಂಬರಿನ ಒಂದು ಬೆಳಿಗ್ಗೆ ಸೀಟಿ ಕೇಳಲಿಲ್ಲ. ಬೇಲಿಯ ಬಳಿ ಹೋದರೆ ಅಜ್ಜಿ ತುಟಿಯ ಮೇಲೆ ಬೆರಳಿಟ್ಟುಕೊಂಡು ಕರೆದರು. ಒಂದೇ ಪೆಟ್ಟಿಗೆಯಿಂದ ನಾಲ್ಕು ಬಿಳಿ ಕಿವಿಗಳು ಕಾಣುತ್ತಿದ್ದವು.

ಆ ದಿನದಿಂದ ಪಿಪ್ ಜೇಬಿಗೆ ಬರುವುದು ಬಿಟ್ಟಿತು. “ನಿಮಗೆ ಬೇಸರವಾಗಲಿಲ್ಲವೇ?” ಎಂದು ಕೇಳಿದೆ. ಅಜ್ಜಿ ಬರಿದಾದ ಜೇಬಿನಲ್ಲಿ ಕೈಯಿಟ್ಟುಕೊಂಡು, “ಆಯಿತು. ಆಗಲಿ ಎಂದೇ ಮಾಡಿದ್ದು. ಅವನು ನನಗಿಂತ ಹೆಚ್ಚು ದಿನ ಬದುಕಬೇಕಲ್ಲ,” ಎಂದರು. ಹೊಸಬರನ್ನು ತರುವಾಗ ಹಳಬರು ಕಳೆದುಕೊಳ್ಳುವುದೂ ಇದೆ. ಅದನ್ನು ಮೊದಲೇ ಲೆಕ್ಕ ಹಾಕಿದವರಿಗೆ ಆಮೇಲೆ ಸಿಟ್ಟು ಬರುವುದಿಲ್ಲವೇನೋ.

ಇಂಗ್ಲಿಷ್ ಲೇಖಕಿ ವರ್ಜೀನಿಯಾ ವುಲ್ಫ್ ಅವರ ಮನೆಯಲ್ಲೂ ಇಂಥದೊಂದು ಮಾರ್ಮೊಸೆಟ್ ಇತ್ತು. ಹೆಸರು ಮಿಟ್ಜ್. 1934ರಿಂದ 1938ರವರೆಗೆ ಆಕೆಯ ಗಂಡ ಲಿಯೊನಾರ್ಡರ ಹೆಗಲೇ ಅದಕ್ಕೆ ಮರ. ಒಮ್ಮೆ ಅದು ಮರ ಹತ್ತಿ ಇಳಿಯದೇ ಹೋದಾಗ, ಲಿಯೊನಾರ್ಡರು ಕೆಳಗೆ ನಿಂತು ಹೆಂಡತಿಗೆ ಮುತ್ತು ಕೊಟ್ಟರಂತೆ. ಹೊಟ್ಟೆಕಿಚ್ಚಿಗೆ ಮಿಟ್ಜ್ ಓಡೋಡಿ ಇಳಿಯಿತು. ಓದಿದವರೆಲ್ಲ ನಗುವ ಕಥೆ. ನನಗೆ ಮಾತ್ರ, ಪಾಪ, ತನ್ನದೇ ಜಾತಿಯ ಒಂದು ಜೊತೆ ಸಿಗದೆ ಮನುಷ್ಯರ ಸಂಸಾರದಲ್ಲಿ ಸವತಿಯಾಗಬೇಕಾಯಿತಲ್ಲ ಎನ್ನಿಸಿತು. ಇವನ್ನು ಮನೆಯಲ್ಲಿ ಸಾಕುವುದೇ ಸರಿಯಲ್ಲ ಎಂದು ನನಗನ್ನಿಸಿರುವುದೂ ಇದರಿಂದಲೇ. ಇಂಗ್ಲೆಂಡು 2024ರಲ್ಲಿ ನಿಯಮ ಮಾಡಿ, 2026ರ ಏಪ್ರಿಲ್ 6ರಿಂದ ಇದಕ್ಕೆ ಪರವಾನಗಿ ಬೇಕೆಂದು ಗೊತ್ತುಮಾಡಿತು. ನಮ್ಮ ವನ್ಯಜೀವಿ ಕಾಯ್ದೆಗೂ 2022ರಲ್ಲಿ ತಿದ್ದುಪಡಿಯಾಗಿ, ಇಂಥ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕಾಗಿದೆ.

ಲೆಸ್ಟರಿನಲ್ಲಿ ಆ ಗೂಡನ್ನು ನೋಡುತ್ತ ನಿಂತಾಗೆಲ್ಲ ನನಗೆ 1984 ನೆನಪಾಗುತ್ತಿತ್ತು. ಗದಗಿನ ಅತ್ತೆಮನೆಯಲ್ಲಿ ಹನ್ನೊಂದು ಜನ. ನಮ್ಮತ್ತೆಯವರು ಕೆಟ್ಟವರಲ್ಲ. ಅವರಿಗೂ ಅವರತ್ತೆ ಬಿಟ್ಟುಹೋದ ಒಲೆಯೊಂದೇ ರಾಜ್ಯ. ಒಂದೇ ಒಲೆ, ಒಂದೇ ಕಡಗೋಲು, ಒಂದೇ ಕೀಲಿಗೊಂಚಲು. ನನಗೆ ಮರೆಯಾಗಿ ಕೂರಲು ಎಲೆಯ ಕೊಂಬೆಯೆಂದರೆ ಹಿತ್ತಲ ಬಚ್ಚಲಮನೆ. ತಂಬಿಗೆಯಿಂದ ನೀರು ಸುರಿಯುವ ಸಪ್ಪಳ ಮಾಡುತ್ತ ಐದು ನಿಮಿಷ ಸುಮ್ಮನೆ ಕೂತು ಬರುತ್ತಿದ್ದೆ. ಹತ್ತು ವರ್ಷಕ್ಕೆ ನಾವಿಬ್ಬರೂ ಹೊಂದಿಕೊಂಡೆವು. ಎರಡು ಬಟ್ಟಲಿದ್ದರೆ ಹತ್ತು ತಿಂಗಳು ಸಾಕಾಗುತ್ತಿತ್ತೇನೋ.

2023ರ ಮೇ ತಿಂಗಳಿನಲ್ಲಿ ಹುಬ್ಬಳ್ಳಿಯ ನಮ್ಮ ಮನೆಗೆ ಸೊಸೆ ಬಂದಳು. ಮೈಸೂರಿನ ಹುಡುಗಿ, ಕಾಫಿ ಕುಡಿಯುವವಳು, ರೊಟ್ಟಿ ಅಭ್ಯಾಸವಿಲ್ಲದವಳು. ಸೇರು ಉರುಳಿಸಿಯೇ ಒಳಗೆ ಬಂದಳು, ಶಾಸ್ತ್ರ ಬಿಡಲಿಲ್ಲ. ಆದರೆ ಅದಕ್ಕೂ ಮೊದಲೇ ಬಡಿಗನನ್ನು ಕರೆಸಿ ಅವರ ಕೋಣೆಗೆ ಒಳಗಿನಿಂದ ಹಾಕುವ ಚಿಲಕ ಹಾಕಿಸಿದ್ದೆ. ಅಡಿಗೆಮನೆಯಲ್ಲಿ ಒಂದು ಮಾಡ ತೆರವು ಮಾಡಿ, ಕಾಫಿ ಫಿಲ್ಟರು ತಂದಿಟ್ಟು, “ಇದು ನಿಂದು, ಇದನ್ನ ನಾ ಮುಟ್ಟಂಗಿಲ್ಲ,” ಎಂದಿದ್ದೆ. ಮನೆಯ ಕೀಲಿಗೆ ಜೋಡಿ ಮಾಡಿಸಿ ಒಂದನ್ನು ಅವಳ ಕೈಗೇ ಕೊಟ್ಟೆ. ನಮ್ಮ ಮನೆಯವರು, “ಏನಿದು, ಮಂಗ್ಯಾನ ಶಾಸ್ತ್ರ ಶುರು ಮಾಡಿದೇನು?” ಎಂದು ನಕ್ಕರು.

ಓಣಿಯವರು ಬಿಡುತ್ತಾರೆಯೇ? “ನಿಮ್ಮ ಸೊಸಿ ಮಧ್ಯಾಹ್ನ ಬಾಗಲಾ ಹಾಕ್ಕೊಂಡು ಕೂಡತಾಳಂತಲ್ರೀ?” ಎಂದರು ಒಬ್ಬರು. “ಹೌದ್ರೀ, ಚಿಲಕಾ ನಾನೇ ಹಾಕಿಸೇನಿ,” ಎಂದೆ. ಕೂತಿದ್ದು ನಿಜ. ಮೊದಲ ಒಂದೂವರೆ ತಿಂಗಳು ಊಟ ಮುಗಿದೊಡನೆ ಒಳಗೆ ಹೋಗಿಬಿಡುತ್ತಿದ್ದಳು. ಬಾಗಿಲು ತಟ್ಟಬೇಕು ಎಂದು ಎಷ್ಟೋ ಸಲ ನನ್ನ ಕೈ ತುರಿಸುತ್ತಿತ್ತು. ಅವಳಿಗೆ ಬೇಕಾದಷ್ಟು ದಿನ ಎಂದುಕೊಂಡು ಜಗಲಿಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದೆ.

ಜುಲೈ ತಿಂಗಳ ಒಂದು ಮಧ್ಯಾಹ್ನ ಚಿಲಕ ತೆಗೆದ ಸಪ್ಪಳವಾಯಿತು. ಎರಡು ಲೋಟ ಕಾಫಿ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. ಕಾಫಿ ನನಗೆ ಒಗ್ಗದು. ಆದರೂ ಕುಡಿದೆ, ಚೆನ್ನಾಗಿತ್ತು.