ಯಾರೂ ಫೋಟೋ ತೆಗೆಯದ ಗೋಡೆ

'ತ್ರೀ ಈಡಿಯಟ್ಸ್' ನೋಡಿದವರಿಗೆಲ್ಲ ಆ ಶಾಲೆ ಗೊತ್ತಿರುತ್ತೆ. ಲಡಾಖಿನ ಲೇಹ್‌ನಿಂದ ಸುಮಾರು 15 ಕಿ.ಮೀ. ದೂರ, ಶೇ ಅನ್ನೋ ಹಳ್ಳಿಯ ಡ್ರೂಕ್ ವೈಟ್ ಲೋಟಸ್ ಶಾಲೆ. ಸಿನಿಮಾ ಬಂದದ್ದು 2009ರಲ್ಲಿ. ಆಮೇಲೆ ಅಲ್ಲಿಯ ಒಂದು ಗೋಡೆ ಮುಂದೆ ಫೋಟೋ ತೆಗೆಸಿಕೊಳ್ಳುವವರ ಕಾಟ ಎಷ್ಟಾಯಿತೆಂದರೆ, 2018ರಲ್ಲಿ ಶಾಲೆಯವರು ಅದಕ್ಕೆ ಬಿಳಿ ಬಣ್ಣ ಬಳಿದುಬಿಡೋಣ ಅಂತ ತೀರ್ಮಾನಿಸಿದರು. ಒಳ್ಳೇದೇ ಆಯ್ತು ಬಿಡಿ :)

ನನಗೆ ಇಷ್ಟವಾದದ್ದು ಅಲ್ಲಿನ ಹಾಸ್ಟೆಲಿನ ಗೋಡೆ.

ದೂರದೂರದ ಹಳ್ಳಿಗಳ ಮಕ್ಕಳು ಅಲ್ಲೇ ಉಳಿದು ಓದುತ್ತಾರೆ. ಸುಮಾರು 3,500 ಮೀಟರ್ ಎತ್ತರ. ನವೆಂಬರಿನ ಹೊತ್ತಿಗೆ ರಾತ್ರಿ ನೀರು ಹೆಪ್ಪುಗಟ್ಟುವ ಜಾಗ. ಉರಿಸೋಣ ಅಂದರೆ ಮರವೇ ಅಪರೂಪ. ಇರೋದು ಬಿಸಿಲೊಂದೇ. ಕ್ಲಾಸ್ ರೂಮುಗಳಿಗೆ ಹಗಲು ಶಾಖ ಸಿಕ್ಕರೆ ಸಾಕು, ಹಾಗಾಗಿ ಅವು ಬೆಳಗಿನ ಬಿಸಿಲಿಗಾಗಿ ಸ್ವಲ್ಪ ಪೂರ್ವಕ್ಕೆ ತಿರುಗಿವೆ. ಹಾಸ್ಟೆಲಿಗೆ ಶಾಖ ಬೇಕಾದ್ದು ರಾತ್ರಿ, ಸೂರ್ಯ ಮುಳುಗಿದ ಮೇಲೆ! ಅದಕ್ಕೇ ಟ್ರಾಂಬ್ ಗೋಡೆ. ದಕ್ಷಿಣಕ್ಕೆ ಮುಖ ಮಾಡಿದ ದಪ್ಪ ಗೋಡೆ, ಹೊರಮೈಗೆ ಗಾಢ ಬಣ್ಣ, ಅದರ ಮುಂದೆ ಒಂದಿಷ್ಟು ಜಾಗ ಬಿಟ್ಟು ಗಾಜು. ಗಾಜಿನ ಹಿಂದೆ ಕಾದ ಗಾಳಿ ಮೇಲಿನ ಕಿಂಡಿಯಿಂದ ಕೋಣೆಗೆ ನುಗ್ಗುತ್ತೆ, ಗೋಡೆ ತಾನು ಕುಡಿದ ಬಿಸಿಲನ್ನು ರಾತ್ರಿಯಿಡೀ ನಿಧಾನಕ್ಕೆ ಒಳಗೆ ಬಿಡುತ್ತೆ. ಭೂಕಂಪದ ವಲಯ ಬೇರೆ. ಆದ್ದರಿಂದ ಭಾರದ ಮಣ್ಣಿನ ಚಾವಣಿಯನ್ನು ಗೋಡೆಗಳ ಮೇಲೆ ಹೊರಿಸದೆ, ಪ್ರತ್ಯೇಕ ಮರದ ಚೌಕಟ್ಟಿನ ಮೇಲೆ ನಿಲ್ಲಿಸಿದ್ದಾರೆ.

ಇದನ್ನು ವಿನ್ಯಾಸ ಮಾಡಿದ್ದು ಲಂಡನ್ನಿನ ಅರಪ್ ಸಂಸ್ಥೆಯವರು. ಮೊದಲ ಕಟ್ಟಡಗಳು ಬಳಕೆಗೆ ಬಂದದ್ದು 2001ರಲ್ಲಿ. ಅವರ ಎಂಜಿನಿಯರೋ ಆರ್ಕಿಟೆಕ್ಟೋ ಒಬ್ಬರು ವರ್ಷಕ್ಕೊಮ್ಮೆ ಮಾಮೂಲಿ ಕೆಲಸದಿಂದ ಬಿಡುವು ಪಡೆದು ಶೇಗೆ ಬಂದು, ಸೈಟಿನಲ್ಲೇ ಇದ್ದು ಕೆಲಸ ಮಾಡುತ್ತಿದ್ದರು.

ಇದು ನನಗೆ ಮುಖ್ಯ ಅನ್ನಿಸುತ್ತೆ. ನಮ್ಮ ಆಫೀಸುಗಳಲ್ಲೂ ಸ್ವಯಂಸೇವೆ ಇದೆಯಲ್ಲ... ಶನಿವಾರ ಟೀ ಶರ್ಟ್ ಹಾಕಿಕೊಂಡು ಸರ್ಕಾರಿ ಶಾಲೆಗೆ ಬಣ್ಣ ಬಳಿದು, ಗ್ರೂಪ್ ಫೋಟೋ ತೆಗೆಸಿ, ಬಿರಿಯಾನಿ ತಿಂದು ವಾಪಸ್. ಬಣ್ಣ ಬಳಿಯೋಕೆ, ಕಲ್ಲು ಕಟ್ಟೋಕೆ ಆ ಊರಲ್ಲೇ ನಮಗಿಂತ ಚೆನ್ನಾಗಿ ಬಲ್ಲವರಿರುತ್ತಾರೆ. ಗಾಜಿಗೂ ಗೋಡೆಗೂ ಎಷ್ಟು ಅಂತರ ಬಿಡಬೇಕು, ನಡುಗಿದರೆ ಚಾವಣಿ ಎಲ್ಲಿ ಜಾರುತ್ತೆ, ಈ ಲೆಕ್ಕ ಹಾಕಿಕೊಡೋಕಲ್ಲವೇ ಎಂಜಿನಿಯರ್ ಬೇಕಾದ್ದು?

ನಾನು ಹೈಸ್ಕೂಲು ಓದಿದ್ದು ಮಲೆನಾಡಿನ ಒಂದು ಹಾಸ್ಟೆಲಿನಲ್ಲಿ. ಜುಲೈನಲ್ಲಿ ಹಾಸಿಗೆಯನ್ನು ಎಲ್ಲಿ ಎಳೆದರೂ ಹೆಂಚು ಅಲ್ಲೇ ಸೋರುತ್ತಿತ್ತು. ಯಾರಾದರೂ ಎಂಜಿನಿಯರು ಬಂದು ಒಂದು ಮಳೆಗಾಲ ನಮ್ಮ ಜೊತೆ ಮಲಗಿದ್ದರೆ ಸಾಕಿತ್ತು, ಚಾವಣಿಯ ಇಳಿಜಾರು ಸರಿಯಾಗಿರೋದು! ಆದರೂ ನನಗೆ ಅದಾದರೂ ಇತ್ತು. ಹೈಸ್ಕೂಲು ನಮ್ಮೂರಿಂದ ಹದಿನಾಲ್ಕು ಕಿ.ಮೀ., ಹುಡುಗಿಯರಿಗೆ ಹಾಸ್ಟೆಲ್ ಇರಲಿಲ್ಲ. ಅಕ್ಕನ ಓದು ಏಳನೇ ಕ್ಲಾಸಿಗೇ ಮುಗಿಯಿತು. ಗಣಿತದಲ್ಲಿ ನನಗಿಂತ ಅವಳೇ ಚುರುಕು.

ಮೊನ್ನೆ ಊರಿಗೆ ಹೋದಾಗ ಟ್ರಾಂಬ್ ಗೋಡೆಯ ಚಿತ್ರ ಬರೆದು ಅವಳಿಗೆ ವಿವರಿಸಿದೆ. ಅಡಿಕೆ ಸುಲಿಯುತ್ತಾ ಕೇಳಿದಳು. ಬಿಸಿಗಾಳಿ ಮೇಲಿನ ಕಿಂಡಿಯಿಂದ ಒಳಗೆ ಬಂದರೆ ರಾತ್ರಿ ಅದೇ ಕಿಂಡಿಯಿಂದ ವಾಪಸ್ ಹೋಗಲ್ವಾ ಅಂದಳು. ಹೌದು, ಅದಕ್ಕೇ ಸಂಜೆ ಕಿಂಡಿ ಮುಚ್ಚಬೇಕು ಅಂದೆ.

"ಹುಡುಗೀರಿಗೂ ಇದ್ಯಾ?"

ಇದೆ ಅಂದೆ. ಸುಮ್ಮನೆ ಇನ್ನೊಂದು ಅಡಿಕೆ ತಗೊಂಡಳು.