ಗುಂಡನ ಹಿಂಗಾಲು

ಮಕ್ಕಳೇ, ಗಿನಿ ಪಿಗ್ ಎಂಬ ಪ್ರಾಣಿಯನ್ನು ನೀವು ನೋಡಿದ್ದೀರಾ? ಮೊಲಕ್ಕಿಂತ ಚಿಕ್ಕದು, ಮನೆಯ ಇಲಿಗಿಂತ ದೊಡ್ಡದು. ಹೊರಗೆ ಕಾಣುವ ಬಾಲವಿಲ್ಲ. ಮುಂಗಾಲಿಗೆ ನಾಲ್ಕು ಬೆರಳು, ಹಿಂಗಾಲಿಗೆ ಮೂರೇ ಬೆರಳು. ಹೆಸರಿನಲ್ಲಿ ‘ಪಿಗ್’ ಇದ್ದರೂ ಇದು ಹಂದಿಯ ಜಾತಿಯಲ್ಲ. ಇಲಿ, ಅಳಿಲುಗಳಂತೆ ದಂಶಕಗಳ ಗುಂಪಿಗೆ ಸೇರಿದ್ದು. ಇದರ ಮೂಲ ನೆಲೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶ. ಅಲ್ಲಿನ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಪಳಗಿಸಿದರು. ಈಗ ನಮ್ಮ ಊರುಗಳಲ್ಲಿಯೂ ಕೆಲವರು ಇದನ್ನು ಸಾಕುತ್ತಾರೆ.

ನಮ್ಮ ಮನೆಯಲ್ಲಿರುವ ಗಿನಿ ಪಿಗ್‌ನ ಹೆಸರು ಗುಂಡ. ಪರಿಚಯದ ಒಂದು ಕುಟುಂಬದವರು ಊರು ಬಿಟ್ಟು ಹೋಗುವಾಗ ಅವನನ್ನು ನಮಗೆ ಕೊಟ್ಟು ಹೋದರು. ಬಂದಾಗಲೇ ಅವನಿಗೆ ನಡೆಯಲು ಆಗುತ್ತಿರಲಿಲ್ಲ. ಮುಂಗಾಲುಗಳಿಂದ ನೆಲವನ್ನು ಹಿಡಿದು, ಹಿಂಗಾಲುಗಳನ್ನು ಎಳೆದುಕೊಂಡು ತೆವಳುತ್ತಿದ್ದ. ಕೂದಲು ಒರಟಾಗಿತ್ತು. ಎತ್ತಿಕೊಂಡರೆ ನೋವಿನಿಂದ ಕಿರುಚುತ್ತಿದ್ದ. “ಇದು ಉಳಿಯುವುದಿಲ್ಲ, ಒಂದು ಇಲಿಗಾಗಿ ಯಾಕಿಷ್ಟು ತಲೆಕೆಡಿಸಿಕೊಳ್ಳುತ್ತೀರಿ?” ಎಂದವರೂ ಇದ್ದರು.

ಮರುದಿನ ಬೆಳಿಗ್ಗೆಯೇ ಅವನನ್ನು ಪಶು ಆಸ್ಪತ್ರೆಗೆ ಕರೆದೊಯ್ದೆ. ಪಶುವೈದ್ಯರು ಹೇಗೆ ಪರೀಕ್ಷಿಸಿದರು ಗೊತ್ತೇ? ಮೊದಲು ಹಿಂಗಾಲಿನ ಬೆರಳನ್ನು ಮೆಲ್ಲಗೆ ಚಿವುಟಿದರು. ಗುಂಡ ಕಿರುಚಿ, ತಲೆ ತಿರುಗಿಸಿ ನೋಡಿದ. “ಒಳ್ಳೆಯದು. ನೋವಿನ ಸುದ್ದಿ ಮೆದುಳಿಗೆ ಮುಟ್ಟುತ್ತಿದೆ” ಎಂದರು. ಎಲುಬುಗಳನ್ನು ಸವರಿ ನೋಡಿದರು, ಮುರಿದಿರಲಿಲ್ಲ. ಮೊಣಕಾಲಿನ ಕೀಲುಗಳು ಮಾತ್ರ ಊದಿಕೊಂಡಿದ್ದವು. ಆಮೇಲೆ ಒಂದು ಪ್ರಶ್ನೆ ಕೇಳಿದರು: “ಇದು ಇಷ್ಟು ದಿನ ಏನು ತಿನ್ನುತ್ತಿತ್ತು?”

ಹಿಂದಿನ ಮನೆಯವರಿಗೆ ಫೋನ್ ಮಾಡಿ ವಿಚಾರಿಸಿದೆ. ಅಕ್ಕಿ, ಗೋಧಿ, ಆಗೊಮ್ಮೆ ಈಗೊಮ್ಮೆ ಬಿಸ್ಕತ್ತು. ಹಸಿರು ಸೊಪ್ಪು ಕೊಟ್ಟರೆ ಭೇದಿಯಾದೀತೆಂದು ಅವರು ಕೊಡುತ್ತಿರಲಿಲ್ಲವಂತೆ. ವೈದ್ಯರು ತಲೆಯಾಡಿಸಿ, “ಇದು ಸ್ಕರ್ವಿ” ಎಂದರು.

ಸ್ಕರ್ವಿ ಎಂಬ ಹೆಸರನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಸಿ ಜೀವಸತ್ವದ ಕೊರತೆಯಿಂದ ಬರುವ ರೋಗ ಇದು. ಇಟ್ಟಿಗೆಗಳನ್ನು ಗಾರೆ ಹಿಡಿದಿಡುವಂತೆ ನಮ್ಮ ದೇಹದ ಭಾಗಗಳನ್ನು ಕೊಲಾಜೆನ್ ಎಂಬ ಪ್ರೋಟೀನು ಹಿಡಿದಿಡುತ್ತದೆ. ಗಟ್ಟಿಯಾದ ಕೊಲಾಜೆನ್ ತಯಾರಾಗಲು ಸಿ ಜೀವಸತ್ವ ಬೇಕು. ಅದಿಲ್ಲದಿದ್ದರೆ ಸಣ್ಣ ರಕ್ತನಾಳಗಳ ಗೋಡೆ ದುರ್ಬಲವಾಗುತ್ತದೆ. ಒಸಡುಗಳಲ್ಲಿ, ಕೀಲುಗಳಲ್ಲಿ ರಕ್ತ ಸೋರುತ್ತದೆ. ಕೀಲು ಊದಿ ನೋಯುವಾಗ ಪ್ರಾಣಿ ನಡೆಯುವುದು ಹೇಗೆ?

ಇಲ್ಲಿ ಒಂದು ಸ್ವಾರಸ್ಯವಿದೆ. ಇಲಿ, ನಾಯಿ, ಬೆಕ್ಕು, ಹಸು ಇವೆಲ್ಲ ತಮಗೆ ಬೇಕಾದ ಸಿ ಜೀವಸತ್ವವನ್ನು ತಮ್ಮ ಯಕೃತ್ತಿನಲ್ಲಿಯೇ ತಯಾರಿಸಿಕೊಳ್ಳುತ್ತವೆ. ಗಿನಿ ಪಿಗ್‌ಗೆ ಆ ಶಕ್ತಿ ಇಲ್ಲ. ಕೊನೆಯ ಹಂತಕ್ಕೆ ಬೇಕಾದ ಒಂದು ಕಿಣ್ವ ಅದರ ದೇಹದಲ್ಲಿ ತಯಾರಾಗುವುದಿಲ್ಲ. ಮನುಷ್ಯರಿಗೂ ಮಂಗಗಳಿಗೂ ಇದೇ ಕೊರತೆ! ಈ ವಿಷಯದಲ್ಲಿ ನೀವೂ ನಾನೂ ಗುಂಡನೂ ಒಂದೇ.

ಹಿಂದೆ ದೀರ್ಘ ಸಮುದ್ರಯಾನ ಮಾಡುವ ನಾವಿಕರನ್ನು ಈ ರೋಗ ಕಾಡುತ್ತಿತ್ತು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿದ್ದ. ಅಲ್ಲಿಂದ ಹೊರಟು ಅರಬ್ಬಿ ಸಮುದ್ರವನ್ನು ದಾಟುವಷ್ಟರಲ್ಲಿ ಅವನ ನಾವಿಕರಲ್ಲಿ ಅನೇಕರು ಸ್ಕರ್ವಿಯಿಂದ ಸತ್ತರು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಕಾಯಿಲೆಬಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಬಗೆಯ ಚಿಕಿತ್ಸೆ ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬ ವಿಜ್ಞಾನಿಗಳು ಗಿನಿ ಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿ ನೋಡಿದರು. ಅವಕ್ಕೆ ಸ್ಕರ್ವಿ ಬಂತು. ಸೊಪ್ಪು, ತರಕಾರಿ ಕೊಟ್ಟಾಗ ವಾಸಿಯಾಯಿತು. ಅವರು ಇಲಿಗಳನ್ನು ಬಳಸಿದ್ದರೆ ಏನಾಗುತ್ತಿತ್ತು? ಯೋಚಿಸಿ. ಮುಂದೆ ಹಂಗೆರಿಯ ಸೆಂಟ್ ಜಾರ್ಜಿ ಎಂಬ ವಿಜ್ಞಾನಿ ಕೆಂಪು ಮೆಣಸಿನಕಾಯಿಯಿಂದ ಈ ಜೀವಸತ್ವವನ್ನು ಹೇರಳವಾಗಿ ಬೇರ್ಪಡಿಸಿದರು. 1937ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಇಷ್ಟೆಲ್ಲ ತಿಳಿಯಲು ನೆರವಾದ ಪ್ರಾಣಿಗೇ ಇಂದು ತಿಳಿಯದೆ ಬರೀ ಧಾನ್ಯ ಹಾಕುವವರಿದ್ದಾರೆ, ನೋಡಿ!

ಗುಂಡನಿಗೆ ವೈದ್ಯರು ಸಿ ಜೀವಸತ್ವದ ಹನಿ ಬರೆದುಕೊಟ್ಟರು. ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಹಾಕಬೇಕು. ಕುಡಿಯುವ ನೀರಿಗೆ ಬೆರೆಸಿಟ್ಟರೆ ಅದು ಬೇಗ ಕೆಟ್ಟು ಶಕ್ತಿ ಕಳೆದುಕೊಳ್ಳುತ್ತದೆ. “ಮನುಷ್ಯರ ಮಾತ್ರೆ ಯಾವುದನ್ನೂ ಕೊಡಬೇಡಿ. ನಮ್ಮನ್ನು ಉಳಿಸುವ ಪೆನಿಸಿಲಿನ್ ಇದನ್ನು ಕೊಂದೀತು” ಎಂದೂ ಎಚ್ಚರಿಸಿದರು. ಅದರ ಕರುಳಿನಲ್ಲಿರುವ ಉಪಕಾರಿ ಬ್ಯಾಕ್ಟೀರಿಯಾಗಳು ಸತ್ತು, ಅಪಾಯದವು ಬೆಳೆದುಬಿಡುತ್ತವೆ.

ಔಷಧಿಗಿಂತ ಆರೈಕೆಯೇ ಹೆಚ್ಚಿನ ಕೆಲಸ. ಓಡಾಡಲಾರದ ಪ್ರಾಣಿಗೆ ಮೇವು, ನೀರು ಎರಡೂ ಮೂತಿಯ ಹತ್ತಿರವೇ ಇರಬೇಕು. ಗಿನಿ ಪಿಗ್ ಅರ್ಧ ದಿನ ಉಪವಾಸವಿದ್ದರೂ ಕರುಳಿನ ಚಲನೆ ನಿಧಾನವಾಗಿ ಪ್ರಾಣಕ್ಕೆ ಅಪಾಯ. ಅದಕ್ಕೆ ಮೊದಲ ನಾಲ್ಕು ದಿನ, ರಾತ್ರಿಯೂ ಎದ್ದು, ಅರೆದ ಮೇವನ್ನು ಸಿರಿಂಜಿನಿಂದ ತಿನ್ನಿಸಿದೆವು. ಹಾಸಿಗೆಯಾಗಿ ಹಳೆಯ ಪಂಚೆಯನ್ನು ಮಡಿಸಿ ಹಾಕಿ, ಒದ್ದೆಯಾದಾಗಲೆಲ್ಲ ಬದಲಿಸಿದೆವು. ಮೂತ್ರದಲ್ಲಿ ನೆನೆದು ಕೂತರೆ ಪಾದ, ಹೊಟ್ಟೆಗಳಲ್ಲಿ ಹುಣ್ಣಾಗುತ್ತದೆ. ಬಿಸಿಲು ಬಂದರೆ ತಾನಾಗಿ ನೆರಳಿಗೆ ಸರಿಯಲಾರದು. ನಾವೇ ಪೆಟ್ಟಿಗೆಯನ್ನು ಸರಿಸಬೇಕು. ಇನ್ನೊಂದು ವಿಚಿತ್ರ ಕೇಳಿ. ಗಿನಿ ಪಿಗ್ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುತ್ತದೆ. ಅದರಲ್ಲಿ ಬಿ ಜೀವಸತ್ವಗಳಿರುತ್ತವೆ. ಬಗ್ಗಲಾರದ ಗುಂಡನಿಗೆ ಅದು ಎಟುಕುತ್ತಿರಲಿಲ್ಲ. ಹಿಂಭಾಗವನ್ನು ದಿನವೂ ಉಗುರುಬೆಚ್ಚನೆಯ ನೀರಿನಿಂದ ಒರೆಸಿ, ಮೆತ್ತನೆಯ ಹಿಕ್ಕೆ ಸಿಕ್ಕರೆ ಅವನ ಮುಂದೆ ಇಡುತ್ತಿದ್ದೆವು. ಆಮೇಲೆ ಸೋಪಿನಿಂದ ಕೈ ತೊಳೆಯುತ್ತಿದ್ದೆವು.

ಐದನೆಯ ದಿನ ಗುಂಡ ತಾನಾಗಿಯೇ ಗರಿಕೆ ಹುಲ್ಲನ್ನು ಕಚ್ಚಿ ಎಳೆದ. ಆ ಕರಕರ ಸದ್ದು ಕೇಳಿ ಮನೆಯವರೆಲ್ಲ ಸುತ್ತ ಕೂತೆವು. ಮೂರನೆಯ ವಾರ ಎಡಗಾಲನ್ನು ಊರಿ ನಿಂತ. ಬಲ ಮೊಣಕಾಲು ಮಾತ್ರ ಪೂರ್ತಿ ಸರಿಹೋಗಲಿಲ್ಲ. ಅದು ಹಾಗೆಯೇ ಬಿಗಿಯಾಗಿ ಉಳಿಯಬಹುದೆಂದು ವೈದ್ಯರು ಹೇಳಿದ್ದಾರೆ. ಈಗ ಅವನು ಕುಂಟುತ್ತಲೇ ಮನೆಯೆಲ್ಲ ಸುತ್ತುತ್ತಾನೆ. ಅವನ ಪೆಟ್ಟಿಗೆಯ ಬಾಗಿಲ ಅಂಚನ್ನು ಕತ್ತರಿಸಿ, ಸಣ್ಣ ಇಳಿಜಾರು ಮಾಡಿಕೊಟ್ಟಿದ್ದೇವೆ. ಸೊಪ್ಪಿನ ಚೀಲದ ಸದ್ದಾದರೆ ಸಾಕು, ‘ವೀಕ್ ವೀಕ್’ ಎಂದು ಕೂಗುತ್ತಾನೆ. ವಾರಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ ನೋಟ್ ಪುಸ್ತಕದಲ್ಲಿ ಬರೆದಿಡುತ್ತೇವೆ. ಮಾತು ಬಾರದ ಪ್ರಾಣಿಯ ಕಾಯಿಲೆ ಮೊದಲು ತಿಳಿಯುವುದು ತೂಕದಲ್ಲಿ.

ಈಗ ನಿಮಗೊಂದು ಕೆಲಸ. 100 ಗ್ರಾಂ ಕಿತ್ತಳೆಯಲ್ಲಿ ಸುಮಾರು 50 ಮಿಲಿಗ್ರಾಂ ಸಿ ಜೀವಸತ್ವವಿದ್ದರೆ, ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗೂ ಹೆಚ್ಚು ಇರುತ್ತದೆ. ನೆಲ್ಲಿಕಾಯಿಯೂ ಇದರ ದೊಡ್ಡ ಭಂಡಾರ. ಒಂದು ವಾರ ನೀವು ತಿಂದ ಹಣ್ಣು, ಹಸಿ ತರಕಾರಿಗಳನ್ನು ಪಟ್ಟಿ ಮಾಡಿ. ನಿಮ್ಮ ಮನೆಯ ಅಥವಾ ಬೀದಿಯ ಪ್ರಾಣಿಯೊಂದು ಕುಂಟುವುದು ಕಂಡರೆ ಮುಟ್ಟಲು ಹೋಗಬೇಡಿ, ದೂರದಿಂದ ನೋಡಿ. ಯಾವ ಕಾಲು? ಎಂದಿನಿಂದ? ಏನು ತಿನ್ನುತ್ತಿದೆ? ಬರೆದುಕೊಂಡು ಹಿರಿಯರೊಡನೆ ಪಶುವೈದ್ಯರಿಗೆ ತಿಳಿಸಿ. ಅವರು ಕೇಳುವ ಮೊದಲ ಪ್ರಶ್ನೆಗಳಿಗೆ ಉತ್ತರ ನಿಮ್ಮ ಬಳಿ ಸಿದ್ಧವಿರುತ್ತದೆ.